ಈಜಿನ ನಾಲ್ಕು ಬಗೆ

ನೀರಿನಲ್ಲಿ ಮುಳುಗದೆ ದಡ ಸೇರುವುದು ಒಂದು ವಿದ್ಯೆ. ಇತರರಿಗಿಂತ ಮೊದಲು ದಡ ಸೇರುವುದು ಇನ್ನೊಂದು ವಿದ್ಯೆ. ಮೊದಲನೆಯದಕ್ಕೆ ಯಾವ ಬಗೆಯ ಈಜಾದರೂ ಸಾಕು. ಎರಡನೆಯದರಲ್ಲಿ, ಎಂದರೆ ಸ್ಪರ್ಧೆಯ ಈಜಿನಲ್ಲಿ, ನಾಲ್ಕು ಬಗೆಗಳುಂಟು. ಕೈಗಳನ್ನು ಒಂದಾದ ಮೇಲೊಂದರಂತೆ ಮುಂದಕ್ಕೆ ಬೀಸುತ್ತ, ಕಾಲು ಬಡಿಯುತ್ತ ಸಾಗುವುದು ಫ್ರೀಸ್ಟೈಲ್. ಅಂಗಾತ ಮಲಗಿ ಈಜುವುದು ಬ್ಯಾಕ್‌ಸ್ಟ್ರೋಕ್. ಕಪ್ಪೆಯಂತೆ ಕಾಲು ಮಡಿಸಿ ಒದೆಯುವುದು ಬ್ರೆಸ್ಟ್‌ಸ್ಟ್ರೋಕ್. ಎರಡು ತೋಳುಗಳನ್ನೂ ಒಮ್ಮೆಗೇ ನೀರಿನ ಮೇಲೆತ್ತಿ ಬೀಸುವುದು ಬಟರ್‌ಫ್ಲೈ. ಇವುಗಳಲ್ಲಿ ಕಡೆಯದು ಕಿರಿಯದು. ಬ್ರೆಸ್ಟ್‌ಸ್ಟ್ರೋಕಿನಿಂದಲೇ ಹುಟ್ಟಿದ ಅದು 1952ರಲ್ಲಿ ಬೇರೆಯಾಗಿ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಸ್ಥಾನ ಪಡೆಯಿತು.

ಎಳೆಯರಿಗೆ ಈ ನಾಲ್ಕರಲ್ಲಿ ಯಾವುದಾದರೊಂದು ಬೇಗನೆ ಒಲಿಯುವುದು ಸಹಜ. ಹನ್ನೊಂದು ವರ್ಷದ ಬಾಲಕಿಯೊಬ್ಬಳು ಬ್ಯಾಕ್‌ಸ್ಟ್ರೋಕಿನಲ್ಲಿ ಪದಕ ಗೆದ್ದಳೆನ್ನೋಣ. ಅಂದಿನಿಂದ ಮನೆಯವರು ಅದೇ ಅವಳ ಈಜೆಂದು ನಿಶ್ಚಯಿಸುವರು. ತಾನು ಹಿಂದೆ ಬೀಳುವ ಬಗೆಗಳತ್ತ ಅವಳಿಗೂ ಮನಸ್ಸು ಹರಿಯದು. ಅಪಾಯವಿರುವುದು ಇಲ್ಲಿಯೇ. ಹದಿಹರೆಯದಲ್ಲಿ ಎತ್ತರ ಬೆಳೆಯುತ್ತದೆ, ಭುಜ ಅಗಲವಾಗುತ್ತದೆ, ಬಲ ಬದಲಾಗುತ್ತದೆ. ಹನ್ನೊಂದರಲ್ಲಿ ಒಗ್ಗಿದ ಈಜು ಹದಿನಾರರಲ್ಲಿ ಒಗ್ಗದೆ ಹೋಗಬಹುದು. ಅಂದು ಒಲ್ಲದಿದ್ದುದೇ ಇಂದು ಒಲಿದು ಬರಬಹುದು. ಉಳಿದ ಮೂರನ್ನು ಕಲಿಯದವಳಿಗೆ ಅದು ತಿಳಿಯುವುದಾದರೂ ಹೇಗೆ?

ದೇಹದ ಕ್ಷೇಮವೂ ಇದನ್ನೇ ಬೇಡುತ್ತದೆ. ತೋಳನ್ನು ಒಂದೇ ರೀತಿ ಸಾವಿರಾರು ಸಲ ತಿರುಗಿಸಿದರೆ ಭುಜ ನೋಯುತ್ತದೆ. ಕಪ್ಪೆಯ ಒದೆತವನ್ನೇ ಸದಾ ಒದೆಯುವವರಿಗೆ ಮೊಣಕಾಲು ನೋಯುತ್ತದೆ. ಬಗೆಗಳನ್ನು ಬದಲಿಸಿದಾಗ ಭಾರವು ಹಲವು ಸ್ನಾಯುಗಳಿಗೆ ಹಂಚಿಹೋಗುತ್ತದೆ. ಅದಲ್ಲದೆ ಒಂದು ಬಗೆಯ ಕಲಿಕೆ ಮತ್ತೊಂದಕ್ಕೆ ನೆರವಾಗುತ್ತದೆ. ಅಂಗೈಯಲ್ಲಿ ನೀರನ್ನು ಹಿಡಿದು ಹಿಂದಕ್ಕೆ ತಳ್ಳುವ ಹದವೂ, ನೀರಿನ ಎದುರೊತ್ತು ತಗ್ಗುವಂತೆ ಮೈಯನ್ನು ನೇರವಾಗಿ ಚಾಚುವ ಜಾಣ್ಮೆಯೂ ನಾಲ್ಕಕ್ಕೂ ಬೇಕಾದವೇ.

ಈ ಸಮಗ್ರ ಸಾಮರ್ಥ್ಯವನ್ನು ಒರೆಗೆ ಹಚ್ಚುವ ಸ್ಪರ್ಧೆಯೇ ವೈಯಕ್ತಿಕ ಮೆಡ್ಲೆ. ಇದರಲ್ಲಿ ಒಬ್ಬನೇ ಈಜುಗಾರನು ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಫ್ರೀಸ್ಟೈಲ್ ಎಂಬ ಕ್ರಮದಲ್ಲಿ ನಾಲ್ಕನ್ನೂ ಈಜಬೇಕು. 400 ಮೀಟರ್ ಮೆಡ್ಲೆ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲು ಸೇರಿತು. ಮೂರರಲ್ಲಿ ಗಳಿಸಿದ ಮುನ್ನಡೆಯನ್ನು ನಾಲ್ಕನೆಯದೊಂದರಲ್ಲಿ ಕಳೆದುಕೊಳ್ಳುವುದು ಇಲ್ಲಿ ಅಪರೂಪವಲ್ಲ. ತನ್ನ ದುರ್ಬಲ ಬಗೆಯನ್ನು ಮರೆಮಾಚಲು ಇಲ್ಲಿ ಎಡೆಯಿಲ್ಲ.

ಫ್ರಾನ್ಸಿನ ಲಿಯೋನ್ ಮಾರ್ಷಾನ್ ಇಂತಹ ಸಮಗ್ರ ಈಜುಗಾರ. ತುಲೂಸ್ ನಗರದ ಈತನ ತಂದೆತಾಯಿಗಳಿಬ್ಬರೂ ಮೆಡ್ಲೆ ಈಜುಗಾರರೇ. 2024ರ ಜುಲೈ 31ರ ಸಂಜೆ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಆತ 200 ಮೀಟರ್ ಬಟರ್‌ಫ್ಲೈ ಸ್ಪರ್ಧೆಗೆ ಇಳಿದ. ಟೋಕಿಯೊದಲ್ಲಿ ಚಿನ್ನ ಗೆದ್ದಿದ್ದ ಹಂಗೇರಿಯ ಕ್ರಿಸ್ಟೋಫ್ ಮಿಲಾಕ್ 150 ಮೀಟರುಗಳವರೆಗೂ ಮುಂದಿದ್ದ. ಕಡೆಯ 50 ಮೀಟರಿನಲ್ಲಿ ಮಾರ್ಷಾನ್ ಅವನನ್ನು ಹಿಂದಿಕ್ಕಿ, 1 ನಿಮಿಷ 51.21 ಸೆಕೆಂಡುಗಳಲ್ಲಿ ಗುರಿ ಮುಟ್ಟಿದ. ಎರಡು ಗಂಟೆ ಕಳೆಯುವುದರೊಳಗೆ ಮತ್ತೆ ನೀರಿಗಿಳಿದು 200 ಮೀಟರ್ ಬ್ರೆಸ್ಟ್‌ಸ್ಟ್ರೋಕನ್ನೂ 2 ನಿಮಿಷ 5.85 ಸೆಕೆಂಡುಗಳಲ್ಲಿ ಗೆದ್ದ. ಅಲ್ಲಿಯೂ ಎರಡನೆಯವನಾಗಿ ಬಂದವನು ಟೋಕಿಯೊದ ವಿಜೇತನೇ. ಚಲನೆಯಲ್ಲಿ ಒಂದಕ್ಕೊಂದು ಹೋಲದ ಈ ಎರಡು ಬಗೆಗಳಲ್ಲಿ, ಆಯಾ ಬಗೆಗೇ ಹೆಸರಾದವರನ್ನು ಆತ ಒಂದೇ ಸಂಜೆ ಸೋಲಿಸಿದ್ದ. ಎರಡು ಮೆಡ್ಲೆಗಳ ಚಿನ್ನವೂ ಸೇರಿ ಆ ಕೂಟದಲ್ಲಿ ಅವನಿಗೆ ಒಟ್ಟು ನಾಲ್ಕು ಚಿನ್ನದ ಪದಕಗಳು ದೊರೆತವು.

ಎಲ್ಲರೂ ಮಾರ್ಷಾನ್ ಆಗಲಾರರು, ಆಗಬೇಕಾಗಿಯೂ ಇಲ್ಲ. ಒಂದು ಬಗೆಯನ್ನು ಆರಿಸಿ ಅದರಲ್ಲಿ ಪರಿಣತಿ ಪಡೆಯುವ ಕಾಲ ಪ್ರತಿಯೊಬ್ಬ ಈಜುಗಾರನಿಗೂ ಬಂದೇ ಬರುತ್ತದೆ. ಆದರೆ ನಾಲ್ಕನ್ನೂ ಬಲ್ಲವನು ಆರಿಸಿಕೊಳ್ಳುತ್ತಾನೆ. ಒಂದನ್ನೇ ಬಲ್ಲವನಿಗೆ ಆಯ್ಕೆಯೆಂಬುದೇ ಇರುವುದಿಲ್ಲ. ಆದುದರಿಂದ ಎಳೆಯ ಈಜುಗಾರರು ಗೆಲುವು ತಂದ ಬಗೆಗೆ ಕೊಡುವಷ್ಟೇ ಸಮಯವನ್ನು ಸೋಲು ತಂದ ಬಗೆಗೂ ಕೊಡಬೇಕು. ಕೊಳದ ಆ ಕಡೆಯ ಸಾಲಿನಲ್ಲಿ, ಯಾರೂ ಚಪ್ಪಾಳೆ ತಟ್ಟದ ಆ ಅಭ್ಯಾಸದಲ್ಲಿಯೇ ನಾಳೆಯ ಈಜುಗಾರ ರೂಪುಗೊಳ್ಳುತ್ತಾನೆ.