ಎಳೆಯರ ಕೈಗೆ ವಿಜ್ಞಾನ

ಮೂರರಿಂದ ಆರು ವರ್ಷದೊಳಗಿನ ಮಕ್ಕಳಿಗೆ ವಿಜ್ಞಾನದ ರುಚಿ ಹತ್ತಿಸಬಯಸುವ ಪೋಷಕರೂ ಅಂಗನವಾಡಿ ಶಿಕ್ಷಕಿಯರೂ ದುಬಾರಿ ಕಿಟ್‌ಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಒಂದು ಬೋಗುಣಿ ನೀರು, ಒಂದು ಕಿತ್ತಳೆ ಹಣ್ಣು ಇದ್ದರೆ ಸಾಕು. ಸಿಪ್ಪೆಸಹಿತ ಹಣ್ಣು ತೇಲುವುದೋ ಮುಳುಗುವುದೋ ಎಂದು ಮೊದಲು ಮಗುವನ್ನೇ ಕೇಳಿ, ಅದರ ಊಹೆಯನ್ನು ತಿದ್ದದೆ ಆಲಿಸಿ, ಬಳಿಕ ಹಣ್ಣನ್ನು ಅದರ ಕೈಯಿಂದಲೇ ನೀರಿಗೆ ಬಿಡಿಸಬೇಕು. ತೇಲಿದ ಅದೇ ಹಣ್ಣನ್ನು ಸುಲಿದು ಮತ್ತೆ ಬಿಟ್ಟಾಗ, ತೂಕ ಕಡಿಮೆಯಾಗಿದ್ದರೂ ಅದು ಸಾಮಾನ್ಯವಾಗಿ ಮುಳುಗುತ್ತದೆ; ಏಕೆಂದರೆ ಸಿಪ್ಪೆಯ ಬಿಳಿ ಪದರದಲ್ಲಿ ಸೇರಿಕೊಂಡ ಗಾಳಿಯು ಇಡೀ ಹಣ್ಣಿನ ಸಾಂದ್ರತೆಯನ್ನು, ಅಂದರೆ ಗಾತ್ರಕ್ಕೆ ಹೋಲಿಸಿದ ತೂಕವನ್ನು, ನೀರಿಗಿಂತ ಕಡಿಮೆ ಮಾಡಿರುತ್ತದೆ. ಈ ವಿವರಣೆ ದೊಡ್ಡವರಿಗೆ ತಿಳಿದಿದ್ದರೆ ಸಾಕು, ಅದನ್ನು ಮಗುವಿನಿಂದ ಬಾಯಿಪಾಠ ಮಾಡಿಸುವುದು ಖಂಡಿತ ಬೇಡ. ಭಾರವಾದದ್ದೇ ಮುಳುಗುತ್ತದೆಂಬ ಅದರ ನಂಬಿಕೆ ಅಲುಗಾಡಿ, ಹಣ್ಣನ್ನು ಎತ್ತಿ ಮತ್ತೊಮ್ಮೆ ಬಿಟ್ಟು ನೋಡುವಂತಾದರೆ ಅದೇ ದೊಡ್ಡ ಕಲಿಕೆ.

ಗಿಡ್ಡ ಲೋಟದ ನೀರನ್ನು ಉದ್ದನೆಯ, ಕಿರಿದಾದ ಲೋಟಕ್ಕೆ ಸುರಿದರೆ ನೀರು ಹೆಚ್ಚಾಯಿತೆಂದೇ ಈ ವಯಸ್ಸಿನ ಮಕ್ಕಳು ಹೇಳುವುದನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಗುರುತಿಸಿದ್ದರು. ಇದು ದಡ್ಡತನವಲ್ಲ, ಬೆಳವಣಿಗೆಯ ಒಂದು ಹಂತವಾದ್ದರಿಂದ, ಗದರದೆ ಮನದಣಿಯೆ ಸುರಿಯಲು ಬಿಡುವುದೇ ಲೇಸು. ರಾತ್ರಿ ನೆನೆಸಿ ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳು ಒಂದೆರಡು ದಿನದಲ್ಲಿ ಮೊಳೆಯುವುದನ್ನೂ ಮಕ್ಕಳೇ ಬಿಚ್ಚಿ ನೋಡಲಿ. ಆದರೆ ಕಾಳುಗಳು ಮೂಗು, ಕಿವಿ, ಗಂಟಲಿಗೆ ಸೇರುವ ಅಪಾಯವಿರುವುದರಿಂದಲೂ ಬೋಗುಣಿಯಷ್ಟು ನೀರೂ ಎಳೆಯರಿಗೆ ಅಪಾಯಕಾರಿಯಾಗಬಲ್ಲುದರಿಂದಲೂ ದೊಡ್ಡವರೊಬ್ಬರು ಪಕ್ಕದಲ್ಲೇ ಕುಳಿತಿರಬೇಕು, ಆಟ ಮುಗಿದೊಡನೆ ನೀರನ್ನು ಚೆಲ್ಲಿಬಿಡಬೇಕು.