ಚಿತ್ರ ತೋರಿಸಿ ಮನಸ್ಸು ಓದಬಹುದೇ?



ಮೊಮ್ಮಕ್ಕಳು ಫೋನಿನಲ್ಲಿ ಮಸಿ ಚೆಲ್ಲಿದಂಥ ಚಿತ್ರವೊಂದನ್ನು ತೋರಿಸಿ, “ಅಜ್ಜಿ, ಇದರಲ್ಲಿ ಏನು ಕಾಣತ್ತೆ? ನಿಮ್ಮ ಸ್ವಭಾವ ಹೇಳ್ತೀನಿ” ಎಂದಿರಬಹುದು. ಆಟವೆಂದುಕೊಂಡು ನಕ್ಕುಬಿಡಿ. ಆದರೆ ಅದರ ಹಿಂದಿನ ವಿಷಯ ತಿಳಿದಿರುವುದು ಒಳ್ಳೆಯದು.

ಇದು ಹೇಗೆ ಬಂತು?

1921ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಹರ್ಮನ್ ರೋರ್ಶಾಕ್ 10 ಮಸಿ ಕಲೆಗಳ ಪರೀಕ್ಷೆಯನ್ನು ಪ್ರಕಟಿಸಿದರು. 1935ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಕ್ರಿಸ್ಟಿಯಾನಾ ಮಾರ್ಗನ್ ಮತ್ತು ಹೆನ್ರಿ ಮರ್ರೆ, ಚಿತ್ರ ತೋರಿಸಿ ಕಥೆ ಹೇಳಿಸುವ ಪರೀಕ್ಷೆಯನ್ನು ತಂದರು. ನೇರವಾಗಿ ಕೇಳಿದರೆ ಜನ ಮನಸ್ಸಿನಲ್ಲಿರುವುದನ್ನು ಮುಚ್ಚಿಡುತ್ತಾರೆ, ಸುತ್ತಿ ಬಳಸಿ ಕೇಳಿದರೆ ಅದು ತಾನಾಗಿ ಹೊರಬರುತ್ತದೆ ಎಂಬುದು ಇವುಗಳ ಹಿಂದಿನ ಯೋಚನೆ.

ಎಷ್ಟು ನಂಬಬಹುದು?

ಕಥೆಯ ಪರೀಕ್ಷೆಯಲ್ಲಿ ಒಂದು ಚಿತ್ರವಿದೆ: ಹುಡುಗನೊಬ್ಬ ಪಿಟೀಲಿನ ಮುಂದೆ ಸುಮ್ಮನೆ ಕುಳಿತಿದ್ದಾನೆ. “ಅಪ್ಪನ ಬಲವಂತಕ್ಕೆ ಕಲಿಯುತ್ತಿದ್ದಾನೆ” ಎಂದು ನೀವು ಹೇಳಿದರೆ, ಅದು ನಿಮ್ಮ ಒಳಗಿನ ನೋವೋ, ನಿನ್ನೆ ನೋಡಿದ ಧಾರಾವಾಹಿಯೋ? ಪರೀಕ್ಷಕರು ಊಹಿಸಬೇಕಾಗುತ್ತದೆ. ಒಂದೇ ಉತ್ತರಕ್ಕೆ ಇಬ್ಬರು ಎರಡು ಅರ್ಥ ಹೇಳುವುದೂ ಉಂಟು. ಮಸಿ ಕಲೆಗಳಿಂದ ಯೋಚನೆಯ ತೀವ್ರ ಏರುಪೇರು ಸ್ವಲ್ಪ ಮಟ್ಟಿಗೆ ತಿಳಿಯಬಹುದು. ಆದರೆ ಒಬ್ಬರ ಸ್ವಭಾವವನ್ನಾಗಲಿ, ಖಿನ್ನತೆಯನ್ನಾಗಲಿ ಇವುಗಳಿಂದಲೇ ನಿರ್ಧರಿಸುವುದು ಸರಿಯಲ್ಲ ಎಂದು ಅನೇಕ ಮನಶ್ಶಾಸ್ತ್ರಜ್ಞರು ಹೇಳುತ್ತಾರೆ.

ವೈದ್ಯರು ಗಡಿಯಾರದ ಚಿತ್ರ ಬರೆಯಲು ಹೇಳಿದರೆ?

ಹೆದರಬೇಡಿ. ಅದು ಸ್ವಭಾವದ ಪರೀಕ್ಷೆಯಲ್ಲ. ವೃತ್ತ ಬರೆದು, ಅಂಕಿ ತುಂಬಿ, ಮುಳ್ಳುಗಳನ್ನು 11 ಗಂಟೆ 10 ನಿಮಿಷಕ್ಕೆ ಇಡಿ ಎನ್ನುತ್ತಾರೆ. ನೆನಪು, ಗಮನ, ಯೋಜನಾ ಶಕ್ತಿ ಹೇಗಿದೆ ಎಂದು ನೋಡಲು ಇದು. ತಪ್ಪಾದರೆ ಕಾಯಿಲೆ ಇದೆ ಎಂದಲ್ಲ, ಇನ್ನಷ್ಟು ತಪಾಸಣೆ ಬೇಕು ಎಂದಷ್ಟೇ ಅರ್ಥ.

ಮನಸ್ಸಿನ ಬೇಸರ ತಿಳಿಯಲು ಹಿರಿಯರಿಗೆಂದೇ ಮಾಡಿದ 15 ಪ್ರಶ್ನೆಗಳ ಪಟ್ಟಿ ಇದೆ. ಅದು ನೇರ ಪ್ರಶ್ನೆಗಳದ್ದು. “ಹೌದು”, “ಇಲ್ಲ” ಎಂದರೆ ಸಾಕು.

ನೀವು ಹೇಳಿದರೆ ಮಾತ್ರ ತಿಳಿಯುತ್ತದೆ

ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಮಾತಿಗೆ ಯಾರೂ ಇಲ್ಲದ ಮನೆ. ಒಬ್ಬರೇ ಹೊರಗೆ ಹೋಗಲು ಧೈರ್ಯವಿಲ್ಲ. ಆದರೂ ಮಕ್ಕಳಿಗೆ ನೋವಾದೀತೆಂದು “ಏನಿಲ್ಲಪ್ಪ, ಆರಾಮಾಗಿದ್ದೀನಿ” ಎನ್ನುತ್ತೇವೆ. ನೀವು ಹೀಗೆ ಮುಚ್ಚಿಟ್ಟದ್ದನ್ನು ಯಾವ ಚಿತ್ರವೂ ಖಚಿತವಾಗಿ ಓದಲಾರದು.

ಎರಡು ವಾರಕ್ಕೂ ಹೆಚ್ಚು ಕಾಲದಿಂದ ನಿದ್ದೆ ಬಾರದಿದ್ದರೆ, ಊಟ ರುಚಿಸದಿದ್ದರೆ, ಪೂಜೆ, ಹಾಡು, ಓದು ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ವೈದ್ಯರಿಗೆ ಹೇಳಿ. ಮಕ್ಕಳೆದುರು ಹೇಳಲು ಸಂಕೋಚವಾದರೆ “ಐದು ನಿಮಿಷ ಒಬ್ಬರೇ ಮಾತಾಡಬೇಕು” ಎಂದು ಕೇಳಿಕೊಳ್ಳಿ. ಇಂಗ್ಲಿಷ್ ಬಾರದಿದ್ದರೆ ಕನ್ನಡ ಬಲ್ಲವರನ್ನು ಕರೆಸಲು ಕೇಳಿ. ಬದುಕೇ ಬೇಡ ಎನಿಸುತ್ತಿದ್ದರೆ ಒಂದು ದಿನವೂ ಕಾಯಬೇಡಿ, ಮಕ್ಕಳಿಗೂ ವೈದ್ಯರಿಗೂ ಆಗಲೇ ತಿಳಿಸಿ.

ಬಿ.ಪಿ., ಸಕ್ಕರೆ ಕಾಯಿಲೆ ಇದೆ ಎಂದು ಹೇಳಲು ನಾವು ನಾಚುವುದಿಲ್ಲ. ಮನಸ್ಸಿನ ನೋವಿಗೂ ನಾಚಬೇಕಿಲ್ಲ.