ಜನತಾ ಪ್ರಜಾಪ್ರಭುತ್ವ
ಎರಡನೇ ಮಹಾಯುದ್ಧದ ನಂತರ ಪೂರ್ವ ಯುರೋಪಿನಲ್ಲಿ ಕಮ್ಯುನಿಸ್ಟರ ನೇತೃತ್ವದಲ್ಲಿ ರೂಪುಗೊಂಡ ಆಡಳಿತಗಳಿಗೆ ಈ ಹೆಸರು. ಬಂಡವಾಳಶಾಹಿಯಿಂದ ಸಮಾಜವಾದಕ್ಕೆ ಸಾಗುವ ನಡುವಿನ ಘಟ್ಟವಿದು. ಸೋವಿಯತ್ ಮಾದರಿಯ ಸಂಸ್ಥೆಗಳಿಲ್ಲದೆಯೂ ಇದು ಶ್ರಮಿಕವರ್ಗದ ಸರ್ವಾಧಿಕಾರದ ಕೆಲಸ ಮಾಡಬಲ್ಲದು ಎಂದು ಬಲ್ಗೇರಿಯದ ನಾಯಕ ಜಾರ್ಜಿ ದಿಮಿತ್ರೋವ್ 1948ರಲ್ಲಿ ವ್ಯಾಖ್ಯಾನಿಸಿದರು. ಪೋಲೆಂಡ್, ಪೂರ್ವ ಜರ್ಮನಿಗಳಲ್ಲಿ ಬೇರೆ ಪಕ್ಷಗಳೂ ಉಳಿದುಕೊಂಡವು. ಆದರೆ ನಿಜವಾದ ಅಧಿಕಾರ ಕಮ್ಯುನಿಸ್ಟರ ಕೈಯಲ್ಲೇ ಇತ್ತು. ಮತದಾರನಿಗೆ ಸರ್ಕಾರ ಬದಲಿಸುವ ದಾರಿ ಇರಲಿಲ್ಲ, ಇದೇ ಈ ವ್ಯವಸ್ಥೆಯ ದೊಡ್ಡ ಕೊರತೆ.

ಚೀನಾದಲ್ಲಿ ಕಮ್ಯುನಿಸ್ಟ್ ನಾಯಕ ಮಾವೋ 1949ರಲ್ಲಿ ಮಂಡಿಸಿದ್ದು ಇದಕ್ಕೆ ಹತ್ತಿರದ ‘ಜನತಾ ಪ್ರಜಾಸತ್ತಾತ್ಮಕ ಸರ್ವಾಧಿಕಾರ’. ಅಲ್ಲಿ ‘ಜನತೆ’ ಎಂದರೆ ಕಾರ್ಮಿಕರು, ರೈತರು, ನಗರದ ಸಣ್ಣ ಬಂಡವಾಳಿಗರು, ರಾಷ್ಟ್ರೀಯ ಬಂಡವಾಳಿಗರು. ಭೂಮಾಲೀಕರು ಹೊರಗೆ.

ಭಾರತದ ಕಮ್ಯುನಿಸ್ಟ್ ಪಕ್ಷಗಳ ಗುರಿಗಳನ್ನು ಒಂದೇ ಎಂದುಕೊಳ್ಳಬಾರದು: ‘ಜನತಾ ಪ್ರಜಾಪ್ರಭುತ್ವ ಕ್ರಾಂತಿ’ 1964ರ ಸಿಪಿಐ(ಎಂ) ಕಾರ್ಯಕ್ರಮದ ಗುರಿ, ಸಿಪಿಐನದು ‘ರಾಷ್ಟ್ರೀಯ ಪ್ರಜಾಪ್ರಭುತ್ವ’.